ಸಿದ್ದಮ್ಮಕ್ಕ ಮುಟ್ಟದೆ ಬಿಟ್ಟ ಬಾಗಿಲು

ಕಾರಿಗೆ ಮೆತ್ತಿದ ಟಾರನ್ನು ಸೀಮೆಎಣ್ಣೆ ಸುರಿದು ತಿಕ್ಕುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಬ್ಲೇಡಿನಿಂದ ಕೆರೆಯುವವರ ಸುದ್ದಿಯೇ ಬೇಡ, ಅವರನ್ನು ನಾನು ಮನುಷ್ಯರ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹೀಗೆ ಹಾರಾಡುವ ನಾನೇ ಒಂದು ಕಾಲಕ್ಕೆ ಈ ಎರಡನ್ನೂ ಮಾಡಿದವನು. ನನ್ನನ್ನು ತಿದ್ದಿದವಳು ಸಿದ್ದಮ್ಮಕ್ಕ. ತಿದ್ದಿಸಿಕೊಳ್ಳುವ ಮೊದಲು ನಾನು ಅವಳ ಅನ್ನಕ್ಕೇ ಕಲ್ಲು ಹಾಕಿದ್ದೆ. ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ಚನ್ನಪಟ್ಟಣ ದಾಟಿ ಮದ್ದೂರಿನ ಕಡೆ ನಾಲ್ಕು ಮೈಲಿ ಹೋದರೆ ಚಲುವಯ್ಯನ ಹೋಟೆಲು. ಎರಡು ಸಾವಿರದ ನಾಲ್ಕನೇ ಇಸವಿಯ ಮಾತು. ಬೆಂಗಳೂರು–ಮೈಸೂರು ರಸ್ತೆಯನ್ನು ಅಗಲ ಮಾಡುತ್ತಿದ್ದರು. ಎಲ್ಲಿ ನೋಡಿದರೂ ಜಲ್ಲಿ ರಾಶಿ, ರೋಡ್ ರೋಲರು, ಕುದಿಯುವ ಟಾರಿನ ಡ್ರಮ್ಮು. ಹಸಿ ಟಾರಿನ ಮೇಲೆ ಓಡಿ ಬಂದ ಕಾರುಗಳ ಪಕ್ಕೆಗೆಲ್ಲ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ಮಳೆಗಾಲವಾದರೆ ಮೂತಿಯ ತುಂಬ ಅಪ್ಪಚ್ಚಿಯಾದ ಹುಳ. ಎಲೆಕ್ಷನ್ ವರ್ಷ ಬೇರೆ, ಬಾಗಿಲಿಗೆ ಅಂಟಿಸಿದ ಪಕ್ಷದ ಸ್ಟಿಕ್ಕರ್ ಕಿತ್ತರೂ ಅದರ ಅಂಟು ಬಿಡುತ್ತಿರಲಿಲ್ಲ. ಹೋಟೆಲಿನ ಹಿಂದೆ ಒಂದು ಹಳೆಯ ಹೊಂಗೆಮರ, ಮರದ ಪಕ್ಕ ಬೋರ್‌ವೆಲ್ಲಿನ ನಲ್ಲಿ. ಜನ ಒಳಗೆ ಕೂತು ತಟ್ಟೆ ಇಡ್ಲಿ ತಿಂದು ಕಾಫಿ ಕುಡಿಯುವಷ್ಟರಲ್ಲಿ ಮರದ ಕೆಳಗೆ ಈ ಟಾರು, ಹುಳ, ಅಂಟು ಎಲ್ಲವನ್ನೂ ತೆಗೆದು ಕೊಡುವುದು ಸಿದ್ದಮ್ಮಕ್ಕನ ಕೆಲಸ.

ಅವಳೇನೂ ಮೊದಲಿಂದ ಕಾರು ತೊಳೆಯುವವಳಲ್ಲ. ಪಕ್ಕದ ಹಳ್ಳಿಯ ಒಕ್ಕಲು ಮನೆಯವಳು. ಹತ್ತೊಂಬತ್ತು ವರ್ಷ ಚನ್ನಪಟ್ಟಣದ ಗೊಂಬೆ ಕಾರ್ಖಾನೆಯೊಂದರಲ್ಲಿ ಲೇತಿನ ಮುಂದೆ ಕೂತವಳು. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ ಆ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಅದರ ಮೇಲೆ ಕೇದಗೆ ಗರಿ ಹಿಡಿದರೆ ಮುಖ ಕಾಣುವಂಥ ಹೊಳಪು. ಚೀನಾದ ಪ್ಲಾಸ್ಟಿಕ್ ಗೊಂಬೆಗಳು ಬಂದವು, ಕಾರ್ಖಾನೆ ಬಾಗಿಲು ಹಾಕಿತು. ಗಾರ್ಮೆಂಟ್ಸಿನವರು ವಯಸ್ಸು ಕೇಳಿದರು, ನಲವತ್ತಾರು ಎಂದಾಗ ಗೇಟಿನಿಂದಲೇ ವಾಪಸು ಕಳಿಸಿದರು. ರೇಷ್ಮೆ ನೂಲು ಬಿಚ್ಚುವ ಕಡೆ ಹೋದಳು, ಕುದಿನೀರಿಗೆ ಕೈ ಹಾಕಿ ಹಾಕಿ ಹದಿನೈದೇ ದಿನಕ್ಕೆ ಬೆರಳೆಲ್ಲ ಬೊಬ್ಬೆ. ಕೊನೆಗೆ ಚಲುವಯ್ಯನ ಹೋಟೆಲಿನಲ್ಲಿ ತಟ್ಟೆ ತೊಳೆಯಲು ಸೇರಿಕೊಂಡಳು.

ಅಲ್ಲಿ ಒಬ್ಬ ಡ್ರೈವರು ಹೊಸ ಕಾರಿನ ಟಾರನ್ನು ಬ್ಲೇಡಿನಿಂದ ಕೆರೆಯುತ್ತಿದ್ದನಂತೆ. ಇವಳಿಗೆ ತಡೆಯಲಾಗಲಿಲ್ಲ. ಎಂಜಲು ತಟ್ಟೆ ಕೆಳಗಿಟ್ಟು ಹೋಗಿ, “ಅದ್ರ ಚರ್ಮ ಸುಲೀತಾ ಇದ್ದೀಯಲ್ಲಪ್ಪ, ಬುಡು ಅತ್ಲಾಗೆ,” ಎಂದು ಕೈ ಹಿಡಿದಳಂತೆ. ಮನೆಯಲ್ಲಿ ದನದ ಗಾಯಕ್ಕೆಂದು ಇಟ್ಟಿದ್ದ ಹೊಂಗೆ ಎಣ್ಣೆಯನ್ನು ಮರುದಿನ ಸೀಸೆಯಲ್ಲಿ ತಂದಳು. ಮೂರು ತಿಂಗಳಲ್ಲಿ ತಟ್ಟೆ ತೊಳೆಯುವ ಕೆಲಸ ಬಿಟ್ಟು ಪೂರ್ತಿ ಮರದ ಕೆಳಗೇ ನಿಂತಳು. ಗಿರಾಕಿಗಳು ಹೆಚ್ಚಾಗಿದ್ದರಿಂದ ಚಲುವಯ್ಯನೂ ಗೊಣಗಲಿಲ್ಲ.

ನಾನು ಆಗ ರಾಮಲಿಂಗಯ್ಯನವರ ಕಾರು ಓಡಿಸುತ್ತಿದ್ದೆ. ನನ್ನ ಹೆಸರು ಗಣೇಶ, ಊರು ಮರಳವಾಡಿ, ಮನೆಯಲ್ಲಿ ತುಂಡು ಹೊಲ ಮತ್ತು ಕುರಿ. ರಾಮಲಿಂಗಯ್ಯನವರ ಮನೆ ರಾಮನಗರದಲ್ಲಿ, ಹಾರೋಹಳ್ಳಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಯೂನಿಟ್ಟು. ಅವರದು ಕಡುನೀಲಿ ಬಣ್ಣದ ಕಾರು. ತಿಂಗಳಿಗೆ ಎರಡು ಮೂರು ಸಲ ಮೈಸೂರಿಗೆ ಹೋಗುವಾಗ ಚಲುವಯ್ಯನ ಹೋಟೆಲಿನಲ್ಲಿ ತಿಂಡಿ. ಹಾಗೆ ನನಗೆ ಸಿದ್ದಮ್ಮಕ್ಕನ ಪರಿಚಯ.

ಮೊದಲ ದಿನವೇ ನನ್ನ ತಾಳ್ಮೆ ಕೆಡಿಸಿದಳು. ಬಾನೆಟ್ಟಿನ ಮೇಲೆ, ಮಗುವಿಗೆ ಜ್ವರ ನೋಡುವವರ ಹಾಗೆ, ಅಂಗೈ ತಿರುಗಿಸಿ ಇಟ್ಟಳು.

“ಮೈ ಕಾದೈತೆ ಕಣಪ್ಪ. ನೆಳ್ಳಲ್ಲಿ ಒಸಿ ಆರ್ಲಿ. ಬಿಸೀಲಿ ಮುಟ್ಟಿದ್ರೆ ಟಾರು ಇಳಿಯಕಿಲ್ಲ, ಹರಡ್ಕತದೆ.”

ಆರಿದ ಮೇಲೆ ನೀರು ಬಿಟ್ಟು ಧೂಳು, ಮರಳು ಎಲ್ಲ ತೊಳೆದಳು. ಒಂದು ಹರಳು ಬಟ್ಟೆಯ ಕೆಳಗೆ ಸಿಕ್ಕರೆ ಸಾಕು, ಗೀರು ಬಿತ್ತು ಎಂದೇ ಲೆಕ್ಕ. ಹುಳ ಮೆತ್ತಿದ ಮೂತಿಗೆ ಹಳೆಯ ಪಂಚೆಯನ್ನು ನೆನೆಸಿ ಹೊದಿಸಿ ಬಿಟ್ಟಳು. ಟಾರಿನ ಚುಕ್ಕೆಗಳ ಮೇಲೆ ಎಣ್ಣೆ ಬಟ್ಟೆ ಒತ್ತಿದಳು, ತಿಕ್ಕಲಿಲ್ಲ. ಆಮೇಲೆ ಹೋಗಿ ಮರದ ಬುಡದಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡಳು. ನಾನು ಗಡಿಯಾರ ನೋಡಿದೆ, ಕೆಮ್ಮಿದೆ, ಯಜಮಾನರು ಬರುತ್ತಾರೆ ಎಂದೆ. ಎಲೆ ಅಡಿಕೆ ಜಗಿದು ಉಗಿಯುವವರೆಗೂ ಅವಳು ಏಳಲಿಲ್ಲ. ಅವಳ ಕೆಲಸದಲ್ಲಿ ಗಡಿಯಾರ ಅದೇ. ಎದ್ದು ಬಂದು ಒಂದೊಂದೇ ಚುಕ್ಕೆಯನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದಳು. ಪ್ರತಿ ಸಲ ಬಟ್ಟೆಯ ಬೇರೆ ಮಗ್ಗಲು. ಸ್ಟಿಕ್ಕರಿನ ಅಂಟಿಗೂ ಅದೇ ಎಣ್ಣೆ, ಆದರೆ ಬೆಚ್ಚಗಿನ ಬಟ್ಟೆ ಇಟ್ಟು, ಹೆಬ್ಬೆರಳಿನಿಂದ ಉರುಳಿಸಿ ಉರುಳಿಸಿ. ಕಡೆಗೆ ಅಂಟುವಾಳದ ನೊರೆಯಲ್ಲಿ ಎಣ್ಣೆಯ ಪಸೆ ತೊಳೆದು ಒಣಬಟ್ಟೆಯಲ್ಲಿ ಒರೆಸಿದಳು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನಮ್ಮಮ್ಮ ಬೈಯುತ್ತಿದ್ದುದು ನನಗೆ ಆವತ್ತು ಅರ್ಥವಾಯಿತು.

ಇನ್ನೊಂದು ಅಭ್ಯಾಸ ಅವಳಿಗಿತ್ತು. ಯಾವ ಬಾಗಿಲಿಗೇ ಆಗಲಿ, ಮೊದಲು ಕೆಳಗಿನ ಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಎಣ್ಣೆ ಬಟ್ಟೆ ಮುಟ್ಟಿಸಿ ಬಟ್ಟೆ ತಿರುಗಿಸಿ ನೋಡುತ್ತಿದ್ದಳು. ಅದು ಒಂದು ತಪ್ಪಿನಿಂದ ಕಲಿತದ್ದು. ಆ ತಪ್ಪನ್ನು ಚನ್ನಪಟ್ಟಣದ ಲೇತಿನವರಲ್ಲದೆ ಬೇರೆ ಯಾರೂ ಮಾಡಲು ಸಾಧ್ಯವಿಲ್ಲ.

ರಾಮನಗರದ ಹೈಸ್ಕೂಲು ಟೀಚರ್ ಮುನಿರತ್ನಮ್ಮನವರ ಕರಿ ಕಾರು ಬಂದಿತ್ತು. ಟಾರು ತೆಗೆದ ಮೇಲೆ ಬಾನೆಟ್ಟು ಯಾಕೋ ಮಂಕಾಗಿದೆ ಅನ್ನಿಸಿತು ಸಿದ್ದಮ್ಮಕ್ಕನಿಗೆ. ಲೇತಿನ ಮುಂದೆ ಹತ್ತೊಂಬತ್ತು ವರ್ಷ ಪಳಗಿದ ಕೈ, ಮಂಕು ಕಂಡರೆ ತಾನಾಗಿ ಕೇದಗೆ ಗರಿಗೆ ಹೋಗುತ್ತದೆ. ಗರಿ ತಂದು ಬಾನೆಟ್ಟನ್ನು ಉಜ್ಜಿದಳು. ನೆರಳಿನಲ್ಲಿ, ಎಣ್ಣೆಯ ಪಸೆಯ ಮೇಲೆ, ಗೊಂಬೆಯ ಹಾಗೇ ಹೊಳೆಯಿತು. ಟೀಚರ್ ಹೊಗಳಿ ಹೋದರು. ಆ ಖುಷಿಯಲ್ಲಿ ಸಂಜೆ ಚಲುವಯ್ಯನ ಕರಿ ಬೈಕಿನ ಟ್ಯಾಂಕನ್ನೂ ಗರಿಯಿಂದ ಉಜ್ಜಿದಳು. ಬೆಳಗ್ಗೆ ಎಳೆ ಬಿಸಿಲು ಬಿದ್ದಾಗ ನೋಡಿದರೆ ಟ್ಯಾಂಕಿನ ತುಂಬ ಜೇಡರ ಬಲೆಯಂಥ ಸಣ್ಣ ಸಣ್ಣ ಗೀರು.

ಲೇತಿನ ಮೇಲೆ ಅರಗು ಬಿಸಿ ಇರುತ್ತದೆ, ಗರಿ ಗೀರಿದರೂ ತನ್ನ ಗೀರನ್ನು ತಾನೇ ಮುಚ್ಚಿಕೊಳ್ಳುತ್ತದೆ. ಕಾರಿನ ಬಣ್ಣ ಆರಿ ಗಟ್ಟಿಯಾದದ್ದು. ಅದಕ್ಕೆ ಬಿದ್ದ ಗೀರು ಬಿದ್ದದ್ದೇ. ಇದು ಹೊಳೆದ ಕೂಡಲೇ ಅವಳು ರಾಮನಗರದ ಬಸ್ಸು ಹತ್ತಿದಳು. ಮನೆ ಕೇಳಿಕೊಂಡು ಹೋದಳು. ಟೀಚರ್ ಇನ್ನೂ ಗಮನಿಸಿಯೇ ಇರಲಿಲ್ಲ. ಇವಳೇ ಅವರನ್ನು ಹೊರಗೆ ಕರೆದು, ಬಿಸಿಲಿಗೆ ನಿಲ್ಲಿಸಿ, “ನೋಡ್ರವ್ವ, ನಾನೇ ಮಾಡಿದ್ದು,” ಎಂದು ಒಂದೊಂದೇ ಗೀರು ತೋರಿಸಿದಳು. ಅವರಿಗೆ ಸಿಟ್ಟು ಬಂದು ಹೋಟೆಲಿಗೆ ಫೋನು ಮಾಡಿದರು.

“ನನ್ ಗಾಡಿ ಕೆರೆದಿದ್ದು ಸಾಲ್ದು ಅಂತ ಗಿರಾಕಿ ಗಾಡೀನೂ ಕೆರೆದ್ಯಾ?” ಎಂದ ಚಲುವಯ್ಯ. “ಇದು ಒಂದು ದೂರು. ಇನ್ನೊಂದು ಬತ್ತು ಅಂದ್ರೆ ಬಕೆಟ್ ಎತ್ಕೊಂಡು ಹೊಂಟೋಗು. ಇದು ಕೊನೆ ಮಾತು.”

ಆ ಜಾಗ ಹೋದರೆ ಅವಳ ಕೆಲಸವೇ ಹೋದಂತೆ. ಹೊತ್ತೆಲ್ಲ ಬೀಳುವ ನೆರಳು, ಪುಕ್ಕಟೆ ನೀರು, ತಿಂಡಿಗೆಂದು ಅರ್ಧ ಗಂಟೆ ನಿಲ್ಲುವ ಕಾರು, ಈ ಮೂರೂ ಒಂದೇ ಕಡೆ ಇರುವ ಜಾಗ ಆ ರಸ್ತೆಯಲ್ಲಿ ಇನ್ನೊಂದಿರಲಿಲ್ಲ. ಇದ್ದ ಮರಗಳನ್ನೆಲ್ಲ ರಸ್ತೆಗೆಂದು ಉರುಳಿಸಿದ್ದರು.

ನಾನು ಈ ಕತೆ ಕೇಳಿ ನಕ್ಕಿದ್ದೆ. “ಕಾಣ್ದೆ ಇದ್ದಿದ್ದ ಕರ್ದು ತೋರ್ಸೋರುಂಟಾ ಅಕ್ಕ? ನೀನಾಗೇ ಹೋಗಿ ದೂರು ಹೊತ್ಕೊಂಡು ಬಂದ್ಯಲ್ಲ,” ಎಂದಿದ್ದೆ.

“ಬಿಸ್ಲು ಇವತ್ತಲ್ಲ ನಾಳೆ ಬತ್ತದಲ್ಲಪ್ಪ,” ಎಂದು ಅವಳು ಪಂಚೆ ಹಿಂಡಿದಳು.

ಈಗ ನನ್ನ ಘನಕಾರ್ಯ. ಯಜಮಾನರು ಮನೆಮಂದಿಯೊಂದಿಗೆ ಬಸ್ಸಿನಲ್ಲಿ ಧರ್ಮಸ್ಥಳಕ್ಕೆ ಹೋಗಿದ್ದ ಮೂರು ದಿನದಲ್ಲಿ ನಾನು ಕಾರು ತೆಗೆದುಕೊಂಡು ಮರಳವಾಡಿಗೆ ಹೋದೆ. ಹಬ್ಬದ ಬಾಡೂಟ, ಕಾರಿನಲ್ಲಿ ಹೋಗಿ ಇಳಿದರೆ ಊರು ನೋಡುತ್ತದೆ ಎಂಬ ಶೋಕಿ. ಊರೇನೋ ನೋಡಿತು. ನಮ್ಮ ಕುರಿ ದೊಡ್ಡಿಯ ಕಲ್ಲುಕಂಬಕ್ಕೆ ಎಡಗಡೆ ಹಿಂದಿನ ಬಾಗಿಲನ್ನು ಗುದ್ದಿಸಿ ಉದ್ದಕ್ಕೆ ಉಜ್ಜಿದ್ದನ್ನೂ ನೋಡಿತು. ರಾತ್ರಿ ನಿದ್ದೆ ಹತ್ತಲಿಲ್ಲ. ಮಾರನೇ ದಿನ ಕನಕಪುರದಲ್ಲಿ ರಸ್ತೆ ಬದಿಯವನೊಬ್ಬನ ಹತ್ತಿರ ನೆಗ್ಗು ತೆಗೆಸಿ, ಅಗ್ಗದ ನೀಲಿ ಬಣ್ಣ ಹೊಡೆಸಿದೆ. ಕಣ್ಣಿಗೆ ಗೊತ್ತಾಗುತ್ತಿರಲಿಲ್ಲ. ಯಜಮಾನರು ಬಂದು ಅದೇ ಬಾಗಿಲು ತೆಗೆದು ಅದೇ ಸೀಟಿನಲ್ಲಿ ಕೂತರು, ಏನೂ ಕೇಳಲಿಲ್ಲ. ನಾನು ಗೆದ್ದೆ ಎಂದುಕೊಂಡೆ.

ಬಣ್ಣ ಹೊಡೆಸಿದ ಒಂಬತ್ತನೇ ದಿನ ಯಜಮಾನರ ಮಗಳ ಸಂಬಂಧದ ಮಾತುಕತೆಗೆ ಮೈಸೂರಿಗೆ ಹೊರಟೆವು. ಮನೆಯವರೆಲ್ಲ ಹಿಂದಿನ ದಿನವೇ ರೈಲಿನಲ್ಲಿ ಹೋಗಿದ್ದರು. ರಾಮನಗರ ದಾಟುತ್ತಿದ್ದಂತೆ ಹಸಿ ಟಾರು, ತಪ್ಪಿಸಲು ಬೇರೆ ದಾರಿ ಇಲ್ಲ. ಚಲುವಯ್ಯನ ಹೋಟೆಲು ಮುಟ್ಟುವಷ್ಟರಲ್ಲಿ ಎಡಮಗ್ಗುಲು ಪೂರ್ತಿ ಚುಕ್ಕೆ.

“ಬೀಗರ ಮನೆ ಮುಂದೆ ನಿಲ್ಲೋ ಗಾಡಿ. ತಿಂಡಿ ತಿನ್ನೋದ್ರೊಳಗೆ ಮಾಡ್ಸು,” ಎಂದು ಹೇಳಿ ಅವರು ಒಳಗೆ ಹೋದರು.

ಸಿದ್ದಮ್ಮಕ್ಕ ಬಲಗಡೆ ಮುಗಿಸಿ, ಎಡಗಡೆ ಮುಂದಿನ ಬಾಗಿಲು ಮುಗಿಸಿ, ಹಿಂದಿನ ಬಾಗಿಲಿಗೆ ಬಂದಳು. ಕೆಳಗಿನ ಮೂಲೆಗೆ ಬಟ್ಟೆ ಮುಟ್ಟಿಸಿದಳು. ತಿರುಗಿಸಿ ನೋಡಿದಳು. ಮೂಗಿನ ಹತ್ತಿರ ಹಿಡಿದು ಮೂಸಿದಳು. ಬಟ್ಟೆಯ ಮೇಲೆ ಟಾರಿನ ಕಪ್ಪಿನ ಪಕ್ಕದಲ್ಲಿ ನೀಲಿ.

“ಹೊಸ ಬಣ್ಣ ಇದು, ಇನ್ನೂ ಹಸಿ. ಟಾರು ತೆಗಿಯಕ್ಕೆ ಹೋದ್ರೆ ಜತೆಗೆ ಬಣ್ಣಾನೂ ಕಿತ್ಕೊಂಡು ಬತ್ತದೆ. ಯಾವಾಗ ಹೊಡ್ಸಿದ್ರು?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಮೊದಲು ಹೋಟೆಲಿನ ಬಾಗಿಲ ಕಡೆ ನೋಡಿದೆ.

“ಯಜಮಾನ್ರಿಗೆ ಗೊತ್ತಿಲ್ವಾ?” ಎಂದಳು.

“ಅಕ್ಕ, ನಿನ್ ಕಾಲು ಹಿಡ್ಕತೀನಿ. ಗೊತ್ತಾದ್ರೆ ಕೆಲ್ಸ ಹೋಯ್ತದೆ.”

“ನಾನು ಮುಟ್ದೆ ಬುಟ್ರೆ ನನ್ ಜಾಗ ಹೋಯ್ತದಲ್ಲಪ್ಪ.” ಅದನ್ನು ಅವಳು ಸಿಟ್ಟಿನಿಂದ ಹೇಳಲಿಲ್ಲ. “ನೀನೇ ಹೋಗಿ ಹೇಳ್ಬುಡು. ಇನ್ನೂ ಇಡ್ಲಿ ತಿಂತಾವ್ರೆ.”

ನಾನು ಹೋಗಲಿಲ್ಲ. ಕಾಲೇ ಏಳಲಿಲ್ಲ ಎಂದರೆ ಸುಳ್ಳಾಗುತ್ತದೆ, ಕಾಲು ಗಟ್ಟಿಯಾಗಿಯೇ ಇತ್ತು. ಅವಳು ಇನ್ನೊಂದು ಗಳಿಗೆ ಕಾದು ನೋಡಿದಳು. ಆಮೇಲೆ ಆ ಬಾಗಿಲನ್ನು ಬಿಟ್ಟು ಉಳಿದ ಕಾರನ್ನೆಲ್ಲ ಅಂಟುವಾಳದ ನೊರೆಯಲ್ಲಿ ತೊಳೆದು ಒರೆಸಿದಳು.

ಯಜಮಾನರು ಕೈ ಒರೆಸಿಕೊಳ್ಳುತ್ತ ಬಂದರು. ಕಾರೆಲ್ಲ ಫಳಫಳ, ಅವರು ಕೂರುವ ಬಾಗಿಲು ಮಾತ್ರ ಸಿಡುಬು ಎದ್ದ ಹಾಗೆ.

“ಇದ್ಯಾಕಮ್ಮ ಬುಟ್ಟೆ?”

“ಆ ಬಾಗ್ಲು ನನ್ ಕೈಲಿ ಆಗಕಿಲ್ಲ ಯಜಮಾನ್ರೇ.”

“ಮುಂದಿನ ಬಾಗ್ಲಿಗೆ ಆಯ್ತದೆ, ಹಿಂದಿನದಕ್ಕೆ ಆಗಕಿಲ್ವಾ? ತಮಾಷೆ ಮಾಡ್ತೀಯಾ?”

ಅವಳು ತಲೆ ತಗ್ಗಿಸಿ ನಿಂತಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ನನಗೆ ಸ್ವಲ್ಪ ಸುಲಭವಾಗುತ್ತಿತ್ತೇನೋ. ಯಜಮಾನರು ನೇರ ಗಲ್ಲಾಕ್ಕೆ ಹೋಗಿ ಚಲುವಯ್ಯನಿಗೆ ಹೇಳಿದರು. ಚಲುವಯ್ಯ ಹೊರಗೆ ಬಂದು ಬಾಗಿಲು ನೋಡಿ, ಬಕೆಟ್ಟಿನ ಕಡೆ ಕೈ ತೋರಿಸಿದ, ಅಷ್ಟೆ. ಸಿದ್ದಮ್ಮಕ್ಕ ಪಂಚೆ ಹಿಂಡಿ, ಎಣ್ಣೆ ಸೀಸೆಗೆ ಬಿರಟೆ ಹಾಕಿ, ಎಲ್ಲವನ್ನೂ ಬಕೆಟ್ಟಿಗೆ ತುಂಬಿಕೊಂಡು ರಸ್ತೆ ದಾಟಿ ಹೋದಳು. ನಾನು ಯಜಮಾನರಿಗೆ ಅದೇ ಬಾಗಿಲು ತೆಗೆದು ಹಿಡಿದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು, ಆದರೂ ಕಾರು ಸ್ಟಾರ್ಟ್ ಮಾಡಿದೆ.

ಮದ್ದೂರು ದಾಟಿತು. ಮಂಡ್ಯದಲ್ಲಿ ವಾಟರ್ ವಾಷ್ ಮಾಡುವ ಶೆಡ್ಡು ಕಂಡದ್ದೇ ಯಜಮಾನರು, “ಇನ್ನೂ ಹೊತ್ತೈತೆ, ಇಲ್ಲಿ ತಿಕ್ಸು,” ಎಂದರು. ಶೆಡ್ಡಿನವನು ಸೀಮೆಎಣ್ಣೆ ಡಬ್ಬ, ಗೋಣಿಚೀಲದ ತುಂಡು ಹಿಡಿದು ಬಂದ. ಅವನು ತಿಕ್ಕುತ್ತಾನೆ, ಬಣ್ಣ ಬರುತ್ತದೆ, ಯಜಮಾನರು ಅವನ ಮೇಲೆ ಹಾರಿ ಬೀಳುತ್ತಾರೆ. ನನ್ನ ತಪ್ಪಿಗೆ ಬೈಸಿಕೊಳ್ಳುವವರಲ್ಲಿ ಇವತ್ತಿಗೆ ಎರಡನೆಯವನು. ಅವನ ಕೈ ಬಾಗಿಲ ಹತ್ತಿರ ಹೋಗುವಾಗ ನಾನು ಹಿಡಿದುಕೊಂಡೆ.

“ಯಜಮಾನ್ರೇ, ಬ್ಯಾಡಿ. ಬಣ್ಣ ಬತ್ತದೆ. ಈ ಬಾಗ್ಲು ನಾನು ಗುದ್ಸಿ ಪೇಂಟ್ ಮಾಡ್ಸಿದ್ದು. ನೀವು ಧರ್ಮಸ್ಥಳಕ್ಕೆ ಹೋಗಿದ್ದಾಗ.”

ಅವರು ಬಗ್ಗಿ ಬಾಗಿಲನ್ನು ನೋಡಿದರು.

“ಆ ಹೆಂಗ್ಸಿಗೆ ಗೊತ್ತಿತ್ತಾ?”

“ಗೊತ್ತಿತ್ತು. ಬಟ್ಟೇಗೆ ನೀಲಿ ಬಂದಿದ್ದ ನಂಗೆ ತೋರ್ಸಿದ್ಲು.”

“ಮತ್ಯಾಕೆ ಬಾಯಿ ಬುಡ್ಲಿಲ್ಲ?”

ಅವರೇ ಬಾಗಿಲು ತೆಗೆದು ಒಳಗೆ ಕೂತು, “ನಡಿ,” ಎಂದರು. ಮೈಸೂರಿನಲ್ಲಿ ಹುಡುಗನ ಅಜ್ಜಿ ಕಾರು ನೋಡಿ, “ಏನು ಬೀಗ್ರೇ, ಬಾಗ್ಲಿಗೆ ಅಮ್ಮ ಆಗೈತಾ?” ಎಂದು ನಗಾಡಿತು. ಯಜಮಾನರೂ ನಕ್ಕರು. ನಾನು ತಲೆ ಎತ್ತಲಿಲ್ಲ.

ವಾಪಸು ಬರುವಾಗ ಐದು ಗಂಟೆಯ ಹೊತ್ತಿಗೆ ಚಲುವಯ್ಯನ ಹೋಟೆಲು ಬಂತು. ಮರದ ಕೆಳಗೆ ಯಾರೂ ಇರಲಿಲ್ಲ. ಅವಳ ಊರು ಕೇಳಿಕೊಂಡು ಹೋದೆವು. ಸಿದ್ದಮ್ಮಕ್ಕ ಒಗೆದ ಎಣ್ಣೆ ಬಟ್ಟೆಗಳನ್ನು ಬೇಲಿಯ ಮೇಲೆ ಹರವುತ್ತಿದ್ದಳು. ಮೊದಲು ಒಳಗೆ ಹೋಗಿ ಒಂದು ಚೊಂಬು ನೀರು ತಂದು ಯಜಮಾನರ ಕೈಗೆ ಕೊಟ್ಟಳು. ಅವರು ನೀರು ಕುಡಿದು, ಮಂಡ್ಯದ ಶೆಡ್ಡಿನಲ್ಲಿ ನಾನು ಒಪ್ಪಿಕೊಂಡದ್ದನ್ನು ಹೇಳಿ, ಕೇಳಿದರು.

“ಒಂದ್ ಮಾತು ಹೇಳಿದ್ರೆ ನಿನ್ ಜಾಗ ಉಳೀತಿತ್ತಲ್ಲಮ್ಮ.”

“ಉಳೀತಿತ್ತು. ಈ ಹುಡ್ಗನ ಕೆಲ್ಸ ಹೋಗ್ತಿತ್ತು. ಅವ್ನ ತಪ್ಪು ಅವ್ನೇ ಹೇಳ್ಕೊಳ್ಳಿ ಅಂತ ಬುಟ್ಟೆ ಯಜಮಾನ್ರೇ. ನಾನು ಹೇಳಿದ್ರೆ ಚಾಡಿ ಆಯ್ತದೆ.” ಆಮೇಲೆ ನನ್ನ ಕಡೆ ತಿರುಗಿ, “ಮಂಡ್ಯ ಮುಟ್ಟೋಗಂಟ ಬೇಕಾಯ್ತೇನ್ಲಾ ನಿಂಗೆ?” ಎಂದಳು.

ಹೊರಡುವಾಗ ಅವಳು ಬಾಗಿಲನ್ನು ಬೆರಳ ಹಿಂಬದಿಯಿಂದ ಮುಟ್ಟಿ ನೋಡಿದಳು. “ಮೂರು ತಿಂಗ್ಳು ಇದನ್ನ ಯಾರೂ ತಿಕ್ಬ್ಯಾಡಿ. ಟಾರು ಅಂಗೇ ಇರ್ಲಿ. ಬಣ್ಣ ಗಟ್ಟಿಯಾಗ್ಲಿ, ಆಮೇಲೆ ತನ್ನಿ.”

ಯಜಮಾನರು ಚಲುವಯ್ಯನ ಹತ್ತಿರ ಹೋಗಿ ದೂರು ವಾಪಸು ತೆಗೆದುಕೊಂಡರು. ಕೊಟ್ಟವರೇ ತೆಗೆದುಕೊಂಡ ಮೇಲೆ ಅದು ದೂರೇ ಅಲ್ಲ ಎಂದು ಚಲುವಯ್ಯ ಜಡ್ಜನಂತೆ ತೀರ್ಪು ಕೊಟ್ಟ. ಮಾರನೇ ದಿನ ಸಿದ್ದಮ್ಮಕ್ಕನ ಬಕೆಟ್ಟು ಮರದ ಬುಡದಲ್ಲಿತ್ತು. ನನಗೆ ಯಜಮಾನರು ಆ ರಾತ್ರಿಯೇ ರಾಮನಗರದಲ್ಲಿ ಇಳಿಯುವಾಗ ಹೇಳಿದ್ದರು, “ಒಂದ್ನೇ ತಾರೀಕಿಂದ ಬರ್ಬ್ಯಾಡ. ಗುದ್ದಿದ್ದಕ್ಕಲ್ಲ. ಗುದ್ದಿದ ದಿನವೇ ಹೇಳಿದ್ರೆ ಬೈದು ಸುಮ್ಕಾಯ್ತಿದ್ದೆ. ಒಬ್ಬ ಹೆಂಗ್ಸು ಬಕೆಟ್ ಎತ್ಕೊಂಡು ಹೋಗೋದ ನಿಂತ್ಕೊಂಡು ನೋಡಿದ್ಯಲ್ಲ, ಅದ್ಕೆ.” ಮಾಡಿದ್ದುಣ್ಣೋ ಮಹರಾಯ ಎಂದು ನಾನು ತಿಂಗಳ ಕೊನೆಗೆ ಕೀ ಕೊಟ್ಟು ಬಂದೆ.

ಹದಿನೈದು ದಿನ ಊರಲ್ಲಿ ಕುರಿ ಹಿಂದೆ ತಿರುಗಿದೆ. ಹದಿನಾರನೇ ದಿನ ಹೊಂಗೆಮರದ ಕೆಳಗೆ ಹೋಗಿ ನಿಂತೆ. ಸಿದ್ದಮ್ಮಕ್ಕ ಯಾಕೆ ಬಂದೆ ಎನ್ನಲಿಲ್ಲ. ಒಂದು ಬ್ರಷ್ಷು ಕೊಟ್ಟು ಚಕ್ರ ತೋರಿಸಿದಳು. ಚಕ್ರ, ಮಡ್‌ಗಾರ್ಡು, ಕೆಸರು, ಇಷ್ಟೇ ನನ್ನ ಪಾಲಿಗೆ. ಎಣ್ಣೆ ಸೀಸೆ ಮುಟ್ಟಲು ಬಿಡುತ್ತಿರಲಿಲ್ಲ. ನನಗೆ ಅವಮಾನವೇ ಆಗುತ್ತಿತ್ತು, ಆದರೆ ಕೇಳುವ ಬಾಯಿ ನನಗಿರಲಿಲ್ಲ.

ಮೂರು ತಿಂಗಳು ತುಂಬಿ ಎರಡು ದಿನಕ್ಕೆ ನೀಲಿ ಕಾರು ಬಂತು. ಯಜಮಾನರು ಬೇರೆ ಡ್ರೈವರನ್ನು ಇಟ್ಟುಕೊಂಡಿರಲಿಲ್ಲ, ತಾವೇ ಓಡಿಸಿಕೊಂಡು ಬಂದಿದ್ದರು. ಬಾಗಿಲಿನ ಮೇಲೆ ಅದೇ ಹಳೆಯ ಚುಕ್ಕೆಗಳು. ಅವರು ತಿಂಡಿಗೆ ಹೋಗದೆ ಕೈಕಟ್ಟಿ ಅಲ್ಲೇ ನಿಂತರು. ಸಿದ್ದಮ್ಮಕ್ಕ ಬಾಗಿಲು ಆರಿದೆಯೇ ಎಂದು ಮುಟ್ಟಿ ನೋಡಿ, ಎಣ್ಣೆ ಸೀಸೆಯನ್ನೂ ಬಟ್ಟೆಯನ್ನೂ ನನ್ನ ಕೈಯಲ್ಲಿಟ್ಟಳು.

“ಮೂಲೆ ಮೊದ್ಲು,” ಎಂದಳು.

ನಾನು ಮಂಡಿಯೂರಿ ಕೆಳಗಿನ ಮೂಲೆಗೆ ಬಟ್ಟೆ ಒತ್ತಿದೆ. ಸಿದ್ದಮ್ಮಕ್ಕನ ಎಲೆ ಅಡಿಕೆ ಮುಗಿಯುವವರೆಗೆ ಕಾದೆ. ಒಂದೇ ಎಳೆತಕ್ಕೆ ಒರೆಸಿ, ನಾನು ನೋಡುವ ಮೊದಲೇ ಬಟ್ಟೆ ತಿರುಗಿಸಿ ಯಜಮಾನರ ಮುಂದೆ ಹಿಡಿದೆ. ಅವರು ಬಗ್ಗಿ ನೋಡಿದರು. ಬರೀ ಕಪ್ಪು. ನೀಲಿ ಒಂದು ಚೂರೂ ಇರಲಿಲ್ಲ.

ಯಜಮಾನರು ಮರದ ಕಡೆ ನೋಡಿದರು, ಜೇಬಿಗೆ ಕೈ ಹಾಕಿದರು.

“ನೆಳ್ಳು ಸರೀತಾ ಐತೆ. ಗಾಡಿ ಒಸಿ ಹಿಂದಕ್ಕೆ ತಕ್ಕೊ. ನಾನು ಇಡ್ಲಿ ತಿಂದ್ಕೊಂಡು ಬತ್ತೀನಿ,” ಎಂದು ಕೀಯನ್ನು ನನ್ನ ಎಣ್ಣೆ ಕೈಗೆ ಹಾಕಿ ಒಳಗೆ ಹೋದರು.